ಒಂದೇ ಮುಖ, ಎರಡು ಫೋಟೊ

ಕಳೆದ ತಿಂಗಳು ನಮ್ಮ ಯಜಮಾನರಿಗೆ ಮೂರನೆಯ ಹುಬ್ಬು ಬಂತು.

ಗಾಬರಿ ಬೇಡ. ಬಂದದ್ದು ಕಂಪ್ಯೂಟರಿನೊಳಗೆ. ಎಡಗೆನ್ನೆಯ ಮೇಲೆ, ಮೂಗಿನ ಪಕ್ಕದಲ್ಲಿ, ದಪ್ಪಗೆ, ಕಪ್ಪಗೆ ಮಲಗಿತ್ತು. ತಂದಿಟ್ಟವಳು ನಾನೇ. ಅವರ ಕೆನ್ನೆಯ ಮೇಲಿನ ಒಂದು ಮೊಡವೆಯನ್ನು (ಐವತ್ತರ ಹೊಸ್ತಿಲಲ್ಲೂ ತಮಗೆ ಮೊಡವೆ ಬರುತ್ತದೆ ಎಂಬುದು ಅವರ ಹೆಮ್ಮೆ) ಅಳಿಸಲು ಹೋಗಿ ಈ ಅನಾಹುತವಾಗಿತ್ತು.

"ಮಮ್ಮೀ, ಪಾಪಾಗೆ ಯೇ ಕ್ಯಾ ಕರ್ ದಿಯಾ ನೀನು!" ಎಂದು ಮಗಳು ಮೇಘಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ಯಾವ ತಿರುವಿನಲ್ಲಿ ಹಿಂದಿಗೆ ಹೊರಳುತ್ತದೆಂದು ಹೆತ್ತ ನನಗೂ ಗೊತ್ತಾಗುವುದಿಲ್ಲ.

ಆದದ್ದಿಷ್ಟು. ದೀಪಾವಳಿಯ ಬೋನಸ್ಸಿನಲ್ಲಿ ನಮ್ಮ ಮನೆಗೆ ಡಿಜಿಟಲ್ ಕ್ಯಾಮೆರಾ ಬಂದಿದೆ. ಫಿಲ್ಮ್ ರೋಲಿನ ಕಾಲದಲ್ಲಿ ಒಂದು ರೋಲ್ ಮುಗಿಯಲು ಒಂದು ವರ್ಷ ಬೇಕಾಗುತ್ತಿತ್ತು. ಈಗ ಒಂದು ಇಡ್ಲಿ ತಟ್ಟೆಗೇ ಅಷ್ಟು ಫೋಟೊ. ಜತೆಗೆ ಮೇಘಾ ಫೋಟೊ ತಿದ್ದುವ ಸಾಫ್ಟ್‌ವೇರ್ ಒಂದನ್ನು ಎಲ್ಲಿಂದಲೋ ತಂದು ಹಾಕಿದ್ದಾಳೆ. (ಎಲ್ಲಿಂದ ಎಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳಬಾರದು.) ಪೀತಮ್‌ಪುರದ ಈ ಫ್ಲ್ಯಾಟಿನಲ್ಲಿ ಗಂಡ ಆಫೀಸಿಗೆ, ಮಗಳು ಕಾಲೇಜಿಗೆ ಹೋದ ಮೇಲೆ ನಾನು, ಮೌಸು, ಜನರ ಮುಖ. ಇಷ್ಟೇ.

ಆ ಸಾಫ್ಟ್‌ವೇರಿನಲ್ಲಿ ಒಂದು ಬ್ರಷ್ ಇದೆ. ಚರ್ಮ ಎಲ್ಲಿ ಚೆನ್ನಾಗಿದೆಯೋ ಅಲ್ಲೊಮ್ಮೆ ಒತ್ತಿ ತೋರಿಸಬೇಕು. ಆಮೇಲೆ ಕಲೆ ಇರುವಲ್ಲಿ ಒತ್ತಿದರೆ ಆ ಚೆನ್ನಾಗಿರುವ ಚರ್ಮ ಇಲ್ಲಿ ಬಂದು ಕೂರುತ್ತದೆ. ನಾನು ಅವಸರದಲ್ಲಿ ಹುಬ್ಬಿನ ಮೇಲೆ ಒತ್ತಿ ತೋರಿಸಿದ್ದೆ. ಕಂಪ್ಯೂಟರಿಗೇನು ಗೊತ್ತು, ಹೇಳಿದ್ದನ್ನು ಮಾಡಿತು.

ಅಲ್ಲಿಂದ ಮೇಘಾ ನನಗೆ ಗುರು. ಪಾಪ, ತಾಳ್ಮೆಯಿಂದಲೇ ಹೇಳಿಕೊಟ್ಟಳು. ಅಸಲಿ ಫೋಟೊ ಮುಟ್ಟಬೇಡ, ಕಾಪಿಯ ಮೇಲೆ ಕೆಲಸ ಮಾಡು. ಬ್ರಷ್ ಕಲೆಗಿಂತ ಒಂದು ಚೂರು ದೊಡ್ಡದಿರಲಿ, ಅಷ್ಟೇ. ಪಕ್ಕದ ಚರ್ಮವನ್ನೇ ತಗೋ, ಹಣೆಯದನ್ನು ತಂದು ಗಲ್ಲಕ್ಕೆ ಹಚ್ಚಬೇಡ, ಎರಡೂ ಕಡೆ ಬೆಳಕು ಬೇರೆ. ದೊಡ್ಡದು ಮಾಡಿ ನೋಡು, ಆಮೇಲೆ ಚಿಕ್ಕದು ಮಾಡಿಯೂ ನೋಡು. ಮುಖವನ್ನೆಲ್ಲ ಮಸುಕು ಮಾಡಿಬಿಟ್ಟರೆ ಮೊಡವೆಯ ಜತೆ ಮನುಷ್ಯನೂ ಹೋಗುತ್ತಾನೆ. "ಚರ್ಮದಲ್ಲಿ ಸಣ್ಣ ಸಣ್ಣ ತೂತು ಇರತ್ತೆ ನಾ ಮಮ್ಮಿ, ವೋ ಬಿಟ್ಬಿಡು. ನಹೀಂ ತೋ ಗೊಂಬೆ ಲಗ್ತಾ ಹೈ."

ಇನ್ನೊಂದು ನಿಯಮ ಹೇಳಿದಳು. ಇದು ನನ್ನ ತಲೆಯೊಳಗೆ ಕೂತುಬಿಟ್ಟಿತು. ಯಾವುದನ್ನು ಅಳಿಸಬೇಕು, ಯಾವುದನ್ನು ಬಿಡಬೇಕು ಎಂದು ಅನುಮಾನ ಬಂದರೆ ಕೇಳಿಕೊಳ್ಳಬೇಕಂತೆ: ಎರಡು ವಾರ ಕಳೆದ ಮೇಲೂ ಇದು ಈ ಮುಖದ ಮೇಲೆ ಇರುತ್ತದಾ? ಇರುವುದಿಲ್ಲ ಎಂದರೆ ಅಳಿಸು. ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಶೇವಿಂಗ್ ಮಾಡುವಾಗಿನ ಗಾಯ. ಇರುತ್ತದೆ ಎಂದರೆ ಮುಟ್ಟಬೇಡ. ಮಚ್ಚೆ, ಹಳೇ ಗಾಯದ ಗೆರೆ, ಸಿಡುಬಿನ ಗುಳಿ. ಅದು ಆ ಮನುಷ್ಯನದು.

ಎಷ್ಟು ಸರಳ, ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು.

ನಮ್ಮ ಕಡೆಯವರಲ್ಲಿ ಸುದ್ದಿ ಹರಡಲು ಟಿ.ವಿ. ಬೇಕಿಲ್ಲ. ಪೀತಮ್‌ಪುರದಿಂದ ರೋಹಿಣಿಯವರೆಗಿನ ಅಷ್ಟೂ ಕನ್ನಡದ ಮನೆಗಳಿಗೆ ಗೊತ್ತಾಯಿತು, ನಾನು ಮುಖ ರಿಪೇರಿ ಮಾಡುತ್ತೇನೆಂದು. ಒಬ್ಬರು ಮಗಳ ಮದುವೆ ಫೋಟೊ ತಂದರು. "ಮೊಡವೆ ತೆಗೀರಿ, ಹಾಗೇ ಒಂಚೂರು ಬೆಳ್ಳಗೆ ಮಾಡಿ" ಎಂದರು. ಮೊಡವೆ ತೆಗೆದೆ, ಬೆಳ್ಳಗೆ ಮಾಡಲಿಲ್ಲ. ಇನ್ನೊಬ್ಬರು ಮಗನ ಗಲ್ಲದ ಮಚ್ಚೆ ಮುಟ್ಟಲೇಬಾರದೆಂದು ಆಣೆ ಮಾಡಿಸಿಕೊಂಡರು, ಅದೃಷ್ಟದ ಮಚ್ಚೆಯಂತೆ. ಮತ್ತೊಬ್ಬರು ಗೃಹಪ್ರವೇಶದ ಗುಂಪು ಫೋಟೊ ತಂದು, ದನಿ ತಗ್ಗಿಸಿ, ಇದರಿಂದ ನಾದಿನಿಯನ್ನೇ ತೆಗೆಯಲು ಬರುತ್ತದಾ ಎಂದು ಕೇಳಿದರು. (ಬರುತ್ತದೆ. ಆದರೆ ಆ ಮಟ್ಟಕ್ಕೆ ನಾನಿನ್ನೂ ಏರಿಲ್ಲ.)

ಜನ ತಮ್ಮ ಮುಖದಲ್ಲಿ ಯಾವುದನ್ನು ತಮ್ಮದು ಅಂದುಕೊಂಡಿದ್ದಾರೆ, ಯಾವುದನ್ನು ಅಲ್ಲ ಅಂದುಕೊಂಡಿದ್ದಾರೆ ಎಂದು ನೋಡುವುದೇ ನನಗೊಂದು ಹುಚ್ಚಾಯಿತು. ಹಾಗಿರುವಾಗ ಬಂದವನು ಸಮೀರ.

ಸಮೀರ್ ಕಿತ್ತೂರ. ಧಾರವಾಡದ ಕಡೆಯ ಹುಡುಗ. ಗುರ್ಗಾಂವ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ರೋಹಿಣಿಯಲ್ಲಿ ನಾಲ್ಕಾರು ಹುಡುಗರ ಜತೆ ಪಿ.ಜಿ.ಯಲ್ಲಿ ವಾಸ. ನನಗೆ ಪರಿಚಯವಾದದ್ದು ತರಕಾರಿ ಗಾಡಿಯ ಮುಂದೆ. ಮೊಬೈಲಿನಲ್ಲಿ ಅವ್ವನ ಹತ್ತಿರ "ಇಲ್ಲೆ ಸಣ್ಣ ಮುಳಗಾಯಿ ಸಿಗೂದಿಲ್ಲಬೇ" ಎಂದು ಗೋಳಾಡುತ್ತಿದ್ದ. ದಿಲ್ಲಿಯ ಬೀದಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. "ಬದನೆಕಾಯಿ ತಾನೆ? ಗಾಡಿ ಭಯ್ಯಾ ಹತ್ರ ಹೇಳಿಟ್ರೆ ಬುಧವಾರದ ಸಂತೆಗೆ ತರ್ತಾನೆ" ಎಂದೆ. ಅವತ್ತಿನಿಂದ ನಾನು ಅವನಿಗೆ ಅಕ್ಕಾರು.

ಇವನ ಹಣೆಯ ನಡುವೆ, ಕೂದಲಿಗಿಂತ ಎರಡು ಬೆರಳು ಕೆಳಗೆ, ಒಂದು ಗುರುತಿದೆ. ಬೂದುಗಪ್ಪು, ಹುಣಿಸೆ ಬೀಜದಷ್ಟು. ನಮಾಜಿನ ಗುರುತು. ವರ್ಷಗಟ್ಟಲೆ ಹಣೆ ಚಾಪೆಗೆ ತಾಗಿ ತಾಗಿ ಚರ್ಮ ಅಲ್ಲಿ ಗಟ್ಟಿಯಾಗಿದೆ. "ನಮ್ಮ ಅಜ್ಜಂದು ಇದಕ್ಕಿಂತ ದೊಡ್ಡದಿತ್ರಿ" ಎಂದು ಒಮ್ಮೆ ಹೇಳಿದ್ದ, ಹೆಮ್ಮೆಯಿಂದಲೇ.

ಒಂದು ಶನಿವಾರ ಬಂದವನು ಕಾಫಿ ಕುಡಿಯುತ್ತ, ಲೋಟದೊಳಗೇ ನೋಡುತ್ತ, "ಅಕ್ಕಾರ, ನನ್ನ ಹಣೀಮ್ಯಾಲಿಂದು ತೆಗೀತೀರೇನ್ರಿ? ಫೋಟೊದಾಗ?" ಎಂದ.

ನಾನು ತಬ್ಬಿಬ್ಬಾದೆ. "ಯಾಕಪ್ಪ? ಅದು ನಿಂದಲ್ವಾ?"

"ನಂದ ರೀ. ಆದ್ರ ಒಂದು ಟೆಸ್ಟಿಂಗ್ ಮಾಡೂದೈತಿ."

ವಿಷಯ ಏನೆಂದರೆ ಮನೆ. ಸಮೀರನಿಗೆ ಮದುವೆಯಾಗಿ ವರ್ಷ ತುಂಬಿಲ್ಲ. ಹೆಂಡತಿ ಶಾಹೀನ್ ನರ್ಸು, ಊರಲ್ಲೇ ಇದ್ದಳು. ಈಗ ಅವಳಿಗೆ ರೋಹಿಣಿಯದೇ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರಬೇಕು. ಹುಬ್ಬಳ್ಳಿಯಿಂದ ರೈಲು ಟಿಕೆಟ್ ಕೂಡ ಆಗಿದೆ. ಹುಡುಗರ ಪಿ.ಜಿ.ಗೆ ಹೆಂಡತಿಯನ್ನು ಕರೆದುಕೊಂಡು ಬರಲಾಗುತ್ತದೆಯೇ? ಅಷ್ಟರೊಳಗೆ ಮನೆಯಾಗಬೇಕು. ಮನೆಯಾಗದಿದ್ದರೆ ಅವಳು ಟಿಕೆಟ್ ರದ್ದು ಮಾಡಬೇಕು, ಕೆಲಸ ಬಿಡಬೇಕು.

"ಮೂರು ಮನಿ ನೋಡಿದೆ ಅಕ್ಕಾರ. ಫೋನ್‌ನಾಗ ಎಲ್ಲಾ ಚಲೋ. 'ಸಮೀರ್ ಕಿತ್ತೂರ್? ಸೌತ್ ಇಂಡಿಯನ್? ಬಹುತ್ ಅಚ್ಛಾ!' ಅಂತಾರ. ನಾ ಹೋಗಿ ಮುಂದ ನಿಂತ ಕೂಡ್ಲೇ ಅವರ ರಿಶ್ತೇದಾರ್ ಬರಾಕಹತ್ತತಾರ. 'ಸಾರಿ ಬೇಟಾ, ಮನಿ ಅವರಿಗೇ ಬೇಕು' ಅಂತಾರ. ನಾ ಹೋದಲ್ಲೆಲ್ಲಾ ಬೀಗರು ಬಂದ ಬರ್ತಾರ. ದಿಲ್ಲಿಗೆ ಇಷ್ಟ ಮಂದಿ ಬೀಗರು ಎಲ್ಲಿಂದ ಬರ್ತಾರ್ರಿ?"

ನಾನು ನಕ್ಕೆ. ಅವನೂ ನಕ್ಕ.

ಹೆಸರಿನಿಂದ ಯಾರಿಗೂ ಗೊತ್ತಾಗುತ್ತಿಲ್ಲ ಎಂಬುದು ನಿಜ. ನಮ್ಮ ಉತ್ತರ ಕರ್ನಾಟಕದಲ್ಲಿ ಊರ ಹೆಸರು ಎಲ್ಲ ಜಾತಿ, ಎಲ್ಲ ಮತದವರಿಗೂ ಅಡ್ಡಹೆಸರು. ದಿಲ್ಲಿಯವರಿಗೆ ಅದರ ತಲೆಬುಡ ಏನು ಗೊತ್ತು? ಸಮೀರ್ ಎಂಬುದು ಪಂಜಾಬಿ ಮನೆಗಳಲ್ಲೂ ಇದೆ, ಬಂಗಾಳಿ ಮನೆಗಳಲ್ಲೂ ಇದೆ. ಹಾಗಾದರೆ ಹೇಳುತ್ತಿರುವುದು ಹಣೆಯೇ?

"ಅನ್ನಾಕ ಬರೂದಿಲ್ರಿ" ಎಂದ ಸಮೀರ. "ನನ್ನ ಹಿಂದಿ ಕೇಳಿ ಹೆದರಿರಬಹುದು. ಮದರಾಸಿ ಅಂತ ಬ್ಯಾಡ ಅಂದಿರಬಹುದು. ಖರೇನ ಬೀಗರು ಬಂದಿರಬಹುದು. ಟೆಸ್ಟ್ ಮಾಡಲಾರದ, ಒಬ್ಬರಮ್ಯಾಲ ತಪ್ಪು ಹೊರಸಬಾರದ್ರಿ. ನಾ ಕಂಪನ್ಯಾಗ ಟೆಸ್ಟರ್ ಅದೀನಿ. ನಮ್ಮಲ್ಲಿ ಒಂದ ನಿಯಮ. ಒಂದ ಸಲಕ್ಕ ಒಂದ ಬದಲು ಮಾಡಬೇಕು. ಉಳದದ್ದೆಲ್ಲಾ ಇದ್ದಂಗ ಇರಬೇಕು. ಆಗ ಗೊತ್ತಾಗತೈತಿ ಬಗ್ ಎಲ್ಲೈತಿ, ತಪ್ಪು ಎಲ್ಲೈತಿ ಅಂತ."

ಅವನ ಯೋಜನೆ ಹೀಗಿತ್ತು. ಒಂದೇ ಫೋಟೊ, ಎರಡು ಪ್ರಿಂಟು. ಒಂದರಲ್ಲಿ ಗುರುತು ಇರುತ್ತದೆ, ಒಂದರಲ್ಲಿ ಇರುವುದಿಲ್ಲ. ಒಂದೊಂದನ್ನು ಒಬ್ಬೊಬ್ಬ ಪ್ರಾಪರ್ಟಿ ಡೀಲರಿಗೆ (ಇಲ್ಲಿ ಮನೆ ಬ್ರೋಕರುಗಳ ಹೆಸರು ಅದು) ಕೊಡುವುದು. ಹೇಗೂ ಈಗ ಬಾಡಿಗೆಗೆ ಬರುವವನ ಫೋಟೊ ಪೊಲೀಸ್ ಠಾಣೆಗೆ ಕೊಡಬೇಕೆಂಬ ನೆಪದಲ್ಲಿ ಡೀಲರುಗಳು ಮೊದಲೇ ಫೋಟೊ, ಆಫೀಸಿನ ಪತ್ರ ಇಸಿದುಕೊಂಡು ಮಾಲೀಕರಿಗೆ ತೋರಿಸುತ್ತಾರೆ. ಇವನು ಎಲ್ಲೂ ಮುಖ ತೋರಿಸುವುದಿಲ್ಲ. ಹೋಗಿ ಮಾತಾಡುವವಳು ನಾನು.

ಬೇಡ ಅನ್ನಬೇಕಿತ್ತೇನೋ. ಮೇಘಾಳ ಎರಡು ವಾರದ ನಿಯಮ ನೆನಪಾಯಿತು. ಇದು ಎರಡು ವಾರದಲ್ಲಿ ಹೋಗುವುದಲ್ಲ, ಎರಡು ವರ್ಷದಲ್ಲೂ ಹೋಗುವುದಲ್ಲ. ಮುಟ್ಟಬಾರದ ಗುರುತು. ನನಗೆ ಸಂಕಟವಾಯಿತು, ಅದನ್ನು ಅವನಿಗೆ ಹೇಳಿಯೂ ಹೇಳಿದೆ. ಆದರೆ ಕುತೂಹಲ ಎಂಬುದು ಇದೆಯಲ್ಲ, ಅದು ಸಂಕಟಕ್ಕಿಂತ ಜೋರಿನದು. ನಿಜವಾಗಿಯೂ ಹಣೆಯೇ ಕಾರಣವೇ? ಇಷ್ಟು ವರ್ಷ ಈ ಊರಲ್ಲಿದ್ದೇನೆ, ನನಗೂ ತಿಳಿಯಬೇಕಿತ್ತು.

ಗೋಡೆಯ ಮುಂದೆ ನಿಲ್ಲಿಸಿ, ಕಿಟಕಿಯ ಬೆಳಕಿನಲ್ಲಿ ಫೋಟೊ ಹಿಡಿದೆ.

ಹಣೆ ತಿದ್ದುವುದು ಕೆನ್ನೆ ತಿದ್ದಿದಂತಲ್ಲ, ಹೊಸಬರು ಇದನ್ನು ಗಮನಿಸಬೇಕು. ಮುಖದಲ್ಲಿ ಬೆಳಕು ಮೊದಲು ಬಿದ್ದು ಹೊಳೆಯುವುದು ಹಣೆಯ ಮೇಲೆ. ಜತೆಗೆ ಅಡ್ಡ ಗೆರೆಗಳು. ನನ್ನ ಮೊದಲ ಪ್ರಯತ್ನ ನೋಡಿ ಮೇಘಾ, "ಮಮ್ಮಿ, ಮಾಥೆ ಪೆ ಇಸ್ತ್ರಿ ಮಾಡಿದೀಯಾ?" ಎಂದಳು. ನಿಜ, ಹಣೆ ಇಸ್ತ್ರಿ ಮಾಡಿದ ಹಾಗೇ ಇತ್ತು, ಗೆರೆಗಳೆಲ್ಲ ನಡುವೆ ಬಂದು ಮಾಯವಾಗಿದ್ದವು. ಅಳಿಸಿ ಮತ್ತೆ ಶುರು ಮಾಡಿದೆ. ಅಂಚಿನಿಂದ ಒಳಗೆ ಬಂದೆ. ಪಕ್ಕದ ಚರ್ಮವನ್ನು ಚೂರು ಚೂರೇ ಎರವಲು ತಂದೆ. ಗೆರೆ ಎಲ್ಲಿ ತುಂಡಾಗಿತ್ತೋ ಅಲ್ಲಿ ಗೆರೆಯನ್ನೇ ತಂದು ಜೋಡಿಸಿದೆ. ಕುಕ್ಕರ್ ಇಟ್ಟದ್ದು ಮರೆತು ಬೇಳೆ ತಳ ಹಿಡಿಯಿತು.

ಮುಗಿದಾಗ ನನ್ನ ಕೆಲಸಕ್ಕೆ ನಾನೇ ಬೆರಗಾದೆ. ಹುಡುಕಿದರೂ ಸುಳಿವಿಲ್ಲ!

ಸಮೀರ ಬಗ್ಗಿ ಸ್ಕ್ರೀನ್ ನೋಡಿದ. "ಹೈಸ್ಕೂಲ್‌ನಾಗ ಹಿಂಗಿದ್ದೆ ರೀ" ಎಂದ. ಆಮೇಲೆ, "ನಮ್ಮವ್ವ ಇದನ್ನ ನೋಡಿದ್ರ ನನಗ ಊಟಾ ಹಾಕೂದಿಲ್ಲ" ಎಂದು ನಕ್ಕ. ಕೈ ಮಾತ್ರ ಹಣೆಯ ಮೇಲೆ ಹೋಗಿತ್ತು, ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುವವನ ಹಾಗೆ.

ಅಂದು ಕನ್ನಡಿಯಲ್ಲಿ ನನ್ನ ಹಣೆಯನ್ನೂ ನೋಡಿಕೊಂಡೆ. ಅಲ್ಲೂ ಒಂದು ಗುರುತಿದೆ. ಸ್ಟಿಕ್ಕರ್ ಬಿಂದಿ ಅಂಟಿಸಿ ಅಂಟಿಸಿ ಚರ್ಮ ಬಿಳಿಚಿಕೊಂಡ ಜಾಗ. ಎರಡು ವಾರ ಬಿಂದಿ ಇಡದಿದ್ದರೂ ಹೋಗುವುದಿಲ್ಲ. ಈ ಊರಲ್ಲಿ ನಾವು ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇವೆ. ಅದನ್ನು ನೋಡಿ ಯಾರ ಬೀಗರೂ ಬಂದಿಲ್ಲ.

ಭಾನುವಾರ ನಾನೇ ರೋಹಿಣಿಗೆ ಹೋದೆ. ಗುರುತಿಲ್ಲದ ಫೋಟೊ ಸೆಕ್ಟರ್ ಮಾರ್ಕೆಟ್ಟಿನ ಡೀಲರಿಗೆ. ಗುರುತಿರುವ ಫೋಟೊ ಮೆಟ್ರೊ ಸ್ಟೇಷನ್ ಪಕ್ಕದ ಡೀಲರಿಗೆ. ಎರಡೂ ಕಡೆ ಒಂದೇ ಮಾತು: ನಮ್ಮ ಊರ ಕಡೆಯ ಹುಡುಗ, ಸಾಫ್ಟ್‌ವೇರ್ ಕಂಪನಿ, ಹೆಂಡತಿ ನರ್ಸ್, ಇಬ್ಬರೇ. ಸಮೀರ ಹೇಳಿಕೊಟ್ಟಿದ್ದಂತೆ ಎರಡೂ ಕಡೆ ಒಂದೇ ಸೀರೆ, ಒಂದೇ ನಗು. (ಒಂದೇ ಸೀರೆ ಎಂಬುದು ನಿಯಮದ ಅತಿರೇಕ. ಆದರೆ ಟೆಸ್ಟರ್ ಮಹಾಶಯರ ಆಜ್ಞೆ.)

ಸ್ಟೇಷನ್ ಪಕ್ಕದ ಡೀಲರನ ಫೋನು ಅಂದು ಸಂಜೆಯೇ ಬಂತು. ಒಂದು ಬಹಳ ಒಳ್ಳೆಯ ಮನೆಗೆ ತೋರಿಸಿದೆ, ಆದರೆ ಏನು ಮಾಡುವುದು ಮೇಡಂ, ಮಾಲಕಿಣಿಯ ರಿಶ್ತೇದಾರ್ ಬರುತ್ತಿದ್ದಾರಂತೆ, ಎಂದ. ಫೋಟೊ ವಾಪಸ್ ತಗೊಂಡು ಹೋಗಿ, ಎಂದ.

ಮಾರ್ಕೆಟ್ಟಿನ ಡೀಲರನ ಫೋನು ಮರುದಿನ ಬೆಳಿಗ್ಗೆ. "ಬಧಾಯಿ ಹೋ ಮೇಡಂ! ಮಾಲಕಿಣಿಗೆ ಹುಡುಗ ಹಿಡಿಸಿಬಿಟ್ಟ. ಎಷ್ಟು ಸಂಭಾವಿತ ಮುಖ ಅಂದರು. ಸಂಜೆ ಕಳಿಸಿ, ಮನೆ ನೋಡಿ ಮಾತು ಮುಗಿಸಲಿ." ವಿಳಾಸ ಬರೆದುಕೊಂಡೆ. ಖುರಾನಾ ಎಂಬುವರ ಮನೆ, ನಿವೃತ್ತ ಟೀಚರ್, ಎರಡನೇ ಮಹಡಿ, ಎದುರಿಗೆ ಬೇವಿನ ಮರ, ಪಕ್ಕದಲ್ಲಿ ಡೇರಿ ಬೂತ್.

ಮಧ್ಯಾಹ್ನ ಫೋಟೊ ವಾಪಸ್ ತರಲು ಸ್ಟೇಷನ್ ಪಕ್ಕದ ಡೀಲರ್ ಹತ್ತಿರ ಹೋದೆ. ಸುಮ್ಮನೆ, ಕೆಟ್ಟ ಕುತೂಹಲಕ್ಕೆ, ಅದು ಯಾವ ಮನೆ ಭಯ್ಯಾ ಎಂದು ಕೇಳಿದೆ.

"ಖುರಾನಾ ಟೀಚರದು ಮೇಡಂ. ಬೇವಿನ ಮರದ ಎದುರು. ಡೇರಿ ಬೂತ್ ಪಕ್ಕ."

ಅಯ್ಯೋ ರಾಮ! ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

ನಮ್ಮ ಟೆಸ್ಟರ್ ಎಲ್ಲ ಯೋಚಿಸಿದ್ದ, ಇದೊಂದನ್ನು ಬಿಟ್ಟು. ದಿಲ್ಲಿಯಲ್ಲಿ ಒಂದು ಮನೆ ಖಾಲಿಯಾದರೆ ಅದನ್ನು ಆ ಸೆಕ್ಟರಿನ ಎಲ್ಲ ಡೀಲರುಗಳಿಗೂ ಹೇಳಿರುತ್ತಾರೆ. ಇಬ್ಬರೂ ಒಬ್ಬರ ಬಾಗಿಲಿಗೇ ಹೋಗಿದ್ದರು. ಒಂದೇ ಭಾನುವಾರ, ಒಬ್ಬನ ಹಿಂದೆ ಒಬ್ಬ. ಆ ಟೀಚರ್ ಒಂದೇ ಹುಡುಗನಿಗೆ ಒಮ್ಮೆ ಹೂಂ ಅಂದಿದ್ದರು, ಒಮ್ಮೆ ಊಹೂಂ ಅಂದಿದ್ದರು. ಹೆಸರು ಎರಡು ಸಲವೂ ಯಾರೋ ಸೌತ್ ಇಂಡಿಯನ್ನಿನದೆಂದು ಕಿವಿಯ ಮೇಲೆ ಹಾದು ಹೋಗಿರಬೇಕು. ಹಣೆಯ ಗುರುತು ಕಂಡ ಮೇಲೆ ಮುಖವನ್ನು ಯಾರು ನೋಡುತ್ತಾರೆ?

ಸಮೀರ ಸಂಜೆ ಆಫೀಸಿನ ಕ್ಯಾಬ್ ಇಳಿದು ನೇರ ನಮ್ಮ ಮನೆಗೆ ಬಂದ. ವಾಪಸ್ ತಂದ ಫೋಟೊ ಅವನ ಕೈಗಿಟ್ಟು, ಆದದ್ದನ್ನು ಹೇಳಿದೆ. ಮೊದಲು ಜೋರಾಗಿ ನಕ್ಕ. "ಎರಡು ಮನಿ ಆಗಿದ್ರ, ಮಾಲಕರು ಬ್ಯಾರೆ ಬ್ಯಾರೆ, ಅದಕ್ಕ ಹಂಗಾತು ಅನ್ನಬಹುದಿತ್ರಿ. ಈಗ ಮನೀನೂ ಒಂದ, ಮಾಲಕರೂ ಒಬ್ರ. ಬದಲಾದದ್ದು ಒಂದ. ಇಷ್ಟು ಚೊಕ್ಕ ಟೆಸ್ಟು ನಮ್ಮ ಕಂಪನ್ಯಾಗೂ ಆಗಿಲ್ರಿ ಅಕ್ಕಾರ."

ಆಮೇಲೆ ನಗು ನಿಂತಿತು. ಕಾಫಿಗೆ ಸಕ್ಕರೆ ಹಾಕಿ ತಿರುವಿದ, ತಿರುವುತ್ತಲೇ ಇದ್ದ. ಕುಡಿಯಲಿಲ್ಲ. ಗೊತ್ತಿಲ್ಲದಿದ್ದಾಗ ಅನುಮಾನಕ್ಕೆ ಒಂದು ಜಾಗವಿತ್ತು. ಅದರಲ್ಲೇ ಅವನು ಹೇಗೋ ಇದ್ದ. ಈಗ ಅದೂ ಹೋಯಿತು. ನನಗೆ ಅವನ ಮುಖ ನೋಡಲಾಗಲಿಲ್ಲ. ಯಾಕಾದರೂ ಆ ಬ್ರಷ್ ಹಿಡಿದೆನೋ ಅನ್ನಿಸಿತು.

"ಆಯ್ತು, ಮನೆ ಸಿಕ್ಕಿತಲ್ಲ. ತಗೋ" ಎಂದೆ. "ಶಾಹೀನ್ ಬರೋದು ಮುಖ್ಯ."

"ತಗೋಬೇಕ್ರಿ. ಆದ್ರ ಯಾವ ಮುಖಾ ತಗೊಂಡು ಹೋಗ್ಲಿ? ನನ್ನ ಹತ್ರ ಇರೂದು ಇದೊಂದ."

ಎದ್ದು ಚಪ್ಪಲಿ ಮೆಟ್ಟಿಕೊಂಡೆ. "ನಡಿ, ನಾನೂ ಬರ್ತೀನಿ. ಬೈದರೆ ಇಬ್ಬರೂ ಬೈಸಿಕೊಳ್ಳೋಣ."

ಖುರಾನಾ ಟೀಚರೇ ಬಾಗಿಲು ತೆಗೆದರು. ತೆಳ್ಳಗಿನ, ನೆಟ್ಟಗಿನ ಹೆಂಗಸು, ಬಿಳಿ ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ. ಅವರ ನೋಟ ಮೊದಲು ನನ್ನ ಮೇಲೆ, ಆಮೇಲೆ ಸಮೀರನ ಮೇಲೆ, ಆಮೇಲೆ ಅವನ ಹಣೆಯ ಮೇಲೆ ಬಂದು ನಿಂತಿತು. ಒಳಗೆ ಕರೆದರು, ಕೂರಿಸಿದರು. ಮೇಜಿನ ಮೇಲೆ ಆಫೀಸಿನ ಪತ್ರ, ಅದರ ಮೇಲೆ ನನ್ನ ಕೈಚಳಕದ ಫೋಟೊ. ಕನ್ನಡಕ ಏರಿಸಿ ಫೋಟೊ ನೋಡಿದರು, ಇವನನ್ನು ನೋಡಿದರು, ಮತ್ತೆ ಫೋಟೊ ನೋಡಿದರು.

(ಮಾತೆಲ್ಲ ಹಿಂದಿಯಲ್ಲಿ ನಡೆಯಿತು. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.)

"ಇದು ನೀನಾ ಬೇಟಾ?"

ಸಮೀರ ಜೇಬಿನಿಂದ ಇನ್ನೊಂದು ಫೋಟೊ ತೆಗೆದು ಮೊದಲನೆಯದರ ಪಕ್ಕದಲ್ಲಿಟ್ಟ. "ಇದು ನಾನು, ಆಂಟೀಜಿ. ನಿನ್ನೆ ಇನ್ನೊಬ್ಬ ಡೀಲರ್ ಇದನ್ನೂ ತಂದು ತೋರಿಸಿದ್ದ."

ಟೀಚರ್ ಎರಡನ್ನೂ ನೋಡಿದರು. ಅದೇ ಶರ್ಟು, ಅದೇ ಗೋಡೆ, ಅದೇ ನಗು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು.

"ಇದು ನೀನಾದರೆ, ಆ ಇನ್ನೊಂದನ್ನು ಯಾಕೆ ಕಳಿಸಿದೆ? ಮೋಸ ಅಲ್ಲವಾ ಅದು?"

"ಮೋಸವೇ, ಆಂಟೀಜಿ" ಎಂದ ಸಮೀರ, ಮೆಲ್ಲಗೆ. "ಆದರೆ ನೀವು ಹೂಂ ಅಂದದ್ದು ಅವನಿಗೇ ಅಲ್ಲವಾ?"

ಒಳಗೆ ಕುಕ್ಕರ್ ಕೂಗಿತು. ಯಾರೂ ಏಳಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ, ತಿದ್ದಿದವಳು ನಾನು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದೆ. ಅವರು ಬೈದರು. ಚೆನ್ನಾಗಿಯೇ ಬೈದರು. "ನಿಮ್ಮ ವಯಸ್ಸಿಗೆ ಇದೆಲ್ಲ ಶೋಭಿಸುತ್ತದಾ, ಮನೆಯಲ್ಲಿ ಬೇರೆ ಕೆಲಸವಿಲ್ಲವಾ, ಜೀವಮಾನವೆಲ್ಲ ಮಕ್ಕಳಿಗೆ ಪರೀಕ್ಷೆ ಇಟ್ಟವಳು ನಾನು, ನನಗೇ ಪರೀಕ್ಷೆಯಾ?"

ಆ ಕೊನೆಯ ಮಾತು ಬಾಯಿಂದ ಬಿದ್ದದ್ದೇ ತಡ, ಅವರೇ ತಡವರಿಸಿ ನಿಂತರು. ಮತ್ತೆ ಎರಡು ಫೋಟೊಗಳ ಕಡೆ ನೋಡಿದರು. ಎದ್ದು ಒಳಗೆ ಹೋದರು.

"ನಡಿಯಪ್ಪ, ಹೋಗೋಣ" ಎಂದು ನಾನು ಪರ್ಸ್ ಎತ್ತಿಕೊಂಡೆ. ಸಮೀರ ಕದಲಲಿಲ್ಲ. "ಇರ್ರಿ ಅಕ್ಕಾರ" ಎಂದ. ಅವನಿಗೆ ಮನೆ ಬೇಕಿತ್ತೋ ಉತ್ತರ ಬೇಕಿತ್ತೋ, ನನಗೆ ಈಗಲೂ ಗೊತ್ತಿಲ್ಲ.

ಟೀಚರ್ ಹೊರಗೆ ಬಂದಾಗ ಒಂದು ಕೈಯಲ್ಲಿ ಚಹಾ ತಟ್ಟೆ, ಇನ್ನೊಂದು ಕೈಯಲ್ಲಿ ಬೀಗದ ಕೈ.

"ನಾನು ಮ್ಯಾಥ್ಸ್ ಕಲಿಸಿದವಳು" ಎಂದರು. ಸಮೀರನಿಗಿಂತ ತಮಗೇ ಹೇಳಿಕೊಂಡಂತಿತ್ತು. "ಇಬ್ಬರು ಮಕ್ಕಳು ಒಂದೇ ಉತ್ತರ ಬರೆದಿದ್ದಾಗ ಯಾರಾದರೂ ಟೀಚರ್ ಒಬ್ಬನಿಗೆ ರೈಟ್, ಒಬ್ಬನಿಗೆ ರಾಂಗ್ ಹಾಕಿದ್ದರೆ ಅವರನ್ನು ನಾನೇ ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ನೋಡು ಬೇಟಾ, ಸುಳ್ಳು ಹೇಳುವುದಿಲ್ಲ. ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಆದರೆ ಹಾಕಿದ ಮಾರ್ಕ್ಸ್ ತಪ್ಪು ಅಂತ ಕಂಡ ಮೇಲೆ ತಿದ್ದಲೇಬೇಕು."

ಷರತ್ತು ಒಂದಿತ್ತು. ಮಾಂಸದ ಅಡುಗೆ ಮಾಡುವ ಹಾಗಿಲ್ಲ. ನನಗೆ ಅದು ಹಿಡಿಸಲಿಲ್ಲ, ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಟೀಚರೇ, "ಹಿಂದೆ ಇದ್ದ ಬಂಗಾಳಿಯವರಿಗೂ ಇದನ್ನೇ ಹೇಳಿದ್ದೆ, ಮೀನಿಲ್ಲದೆ ಆಗುವುದಿಲ್ಲ ಎಂದು ಬಿಟ್ಟು ಹೋದರು" ಎಂದರು. "ಬಿರಿಯಾನಿ ಹೊರಗೆ ತಿಂದು ಬರ್ತೀವಿ ಆಂಟೀಜಿ" ಎಂದ ಸಮೀರ. "ಎಲ್ಲಿ ಬೇಕಾದರೂ ತಿನ್ನಿ. ಪಾರ್ಸೆಲ್ ತಂದರೆ ಮೆಟ್ಟಿಲ ಮೇಲೆ ವಾಸನೆ ಬರದ ಹಾಗೆ ತನ್ನಿ" ಎಂದರು. ಇಷ್ಟು ಹೇಳಿ, ತಾವೇ ಚೂರು ನಕ್ಕರು.

ಆಮೇಲೆ ಮೇಜಿನಿಂದ ಗುರುತಿರುವ ಫೋಟೊ ಎತ್ತಿ ಆಫೀಸಿನ ಪತ್ರಕ್ಕೆ ಪಿನ್ನು ಚುಚ್ಚಿದರು. ಇನ್ನೊಂದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ಚಾಚಿದರು. "ಇವನನ್ನು ನೀವೇ ಕರೆದುಕೊಂಡು ಹೋಗಿ. ನನ್ನ ಹತ್ತಿರ ಖಾಲಿ ಇರುವುದು ಒಂದೇ ಮನೆ."

ಇಳಿದು ಬರುವಾಗ, ಬೇವಿನ ಮರದ ಕೆಳಗೆ ನಿಂತು, "ಅಂತೂ ನಿನ್ನ ಟೆಸ್ಟ್ ಪಾಸಾಯ್ತಲ್ಲಪ್ಪ!" ಎಂದೆ.

"ಒಂದ ಮನ್ಯಾಗ ಪಾಸ್ ಆದ್ರ ಬಗ್ ಹೋತು ಅನ್ನಾಕ ಬರೂದಿಲ್ರಿ ಅಕ್ಕಾರ" ಎಂದ. ಆದರೆ ಹೇಳುತ್ತಲೇ ಮೊಬೈಲ್ ತೆಗೆದು ಶಾಹೀನ್‌ಗೆ ಫೋನ್ ಹಚ್ಚಿದ. "ಟಿಕೆಟ್ ಹಂಗ ಇರ್ಲಿ" ಎಂದಷ್ಟೇ ಹೇಳಿದ. ನಾನು ಡೇರಿ ಬೂತಿನ ಕಡೆ ತಿರುಗಿ, ಬೇಡದಿದ್ದರೂ ಅರ್ಧ ಲೀಟರ್ ಹಾಲು ಕೊಂಡೆ.

ಶಾಹೀನ್ ಬಂದಿದ್ದಾಳೆ. ಮೊನ್ನೆ ಇಬ್ಬರೂ ಊಟಕ್ಕೆ ಬಂದಿದ್ದರು. ಗಲಗಲ ಮಾತಿನ ಹುಡುಗಿ. ಗಲ್ಲದ ಮೇಲೆ ಒಂದು ಹೊಸ ಮೊಡವೆ. ಜೋಡಿ ಫೋಟೊ ತೆಗೆದೆ. "ಅಕ್ಕಾರ, ನನ್ನ ಮೊಡವಿ ತೆಗೀರಿ, ಅದು ದಿಲ್ಲಿ ನೀರಿಗೆ ಬಂದದ್ದು" ಎಂದಳು. ತೆಗೆದೆ. ಎರಡು ವಾರದ ನಿಯಮಕ್ಕೆ ಸರಿಯಾಗಿ ಒಪ್ಪಿತು.

ಅವಳಿಗೆ ಆ ಇನ್ನೊಂದು ಫೋಟೊವನ್ನೂ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಯಾರ್ರಿ ಇಂವಾ? ನಮ್ಮನಿಯವರಂಗ ಅದಾನ" ಎಂದು ವಾಪಸ್ ಕೊಟ್ಟಳು. ಸಮೀರ ಅನ್ನ ಕಲೆಸುತ್ತ, ತಲೆ ಎತ್ತದೆ ನಕ್ಕ.

ಅವನಿನ್ನೂ ನನ್ನ ಡ್ರಾಯರಿನಲ್ಲಿದ್ದಾನೆ, ನುಣ್ಣನೆ ಹಣೆಯ ಆ ಹುಡುಗ. ಹರಿದು ಹಾಕಲು ಮನಸ್ಸು ಬಂದಿಲ್ಲ. ದಿಲ್ಲಿಯಲ್ಲಿ ಅವನಿಗೆ ಯಾವ ಸೆಕ್ಟರಿನಲ್ಲಿ ಬೇಕಾದರೂ ಮನೆ ಸಿಗುತ್ತದೆ.

ಹೋಗಿ ಇರಲು ಅಂಥವನೊಬ್ಬ ಇಲ್ಲ, ಅಷ್ಟೇ.